ಏಳನೇ ಗೆರೆ ದಾಟಿದವನು ಯಾರು?

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳೆಯ ಕಥೆಗಳಲ್ಲೂ ಇತ್ತೀಚಿನ ಕನ್ನಡ ಕಾದಂಬರಿಗಳಲ್ಲೂ ಒಂದೇ ಜಗಳ ನಡೆದಿದೆ: ಒಬ್ಬ ಮನುಷ್ಯ ಯಾರು ಎಂದು ಹೇಳಬೇಕಾದವರು ಯಾರು?

ಹಳೆಯ ಕಥೆಯೊಂದರಲ್ಲಿ, ವೇದ ಓದಿದ ಗರ್ವದಿಂದ ಇಬ್ಬರು ಪಂಡಿತರು ಊರೂರು ತಿರುಗುತ್ತಾರೆ. ವಾದಕ್ಕೆ ಕರೆಯುವುದು, ಎದುರಾಳಿಯಿಂದ ಜಯಪತ್ರ ಬರೆಸಿಕೊಳ್ಳುವುದು ಅವರ ಕಾಯಕ. ಹಾಗೆ ತಿರುಗುತ್ತ ಭೀಮಾ–ಅಮರ್ಜಾ ಸಂಗಮದ ಗಾಣಗಾಪುರಕ್ಕೆ, ನರಸಿಂಹ ಸರಸ್ವತಿ ಯತಿಗಳ ಎದುರಿಗೆ ಬಂದು ನಿಲ್ಲುತ್ತಾರೆ. ಯತಿಗಳು ವಾದಕ್ಕೆ ಕೂರುವುದಿಲ್ಲ. ದಾರಿಯಲ್ಲಿ ಹೊರಟಿದ್ದ ಒಬ್ಬನನ್ನು ಕರೆಸುತ್ತಾರೆ. ಆತ ಊರ ಹೊರಗೆ ಬದುಕುವವನು, ಮುಟ್ಟಬಾರದವನೆಂದು ಊರು ದೂರ ಇಟ್ಟವನು. ಶಿಷ್ಯನ ಕೈಯಲ್ಲಿ ನೆಲದ ಮೇಲೆ ಏಳು ಗೆರೆ ಎಳೆಸಿ, ಒಂದೊಂದಾಗಿ ದಾಟಲು ಹೇಳುತ್ತಾರೆ. ಒಂದು ಗೆರೆ ದಾಟಿದರೆ ಒಂದು ಹಿಂದಿನ ಜನ್ಮ ನೆನಪಾಗುತ್ತದೆ. ಮೊದಲಿಗೆ ಕಾಡಿನ ಬೇಟೆಗಾರ. ಆಮೇಲೆ ಜಾತಿಯ ಮೆಟ್ಟಿಲು ಏರುತ್ತ ಏರುತ್ತ ಏಳನೇ ಗೆರೆಯಾಚೆ ವೇದಪಾರಂಗತ ಬ್ರಾಹ್ಮಣ. ಮೈಗೆ ವಿಭೂತಿ ಬೀಳುತ್ತಲೇ ಆತನ ಬಾಯಿಂದ ವೇದ ಹೊರಡುತ್ತದೆ, ಪಂಡಿತರ ಬಾಯಿ ಕಟ್ಟುತ್ತದೆ.

ಪವಾಡದ ಕಥೆಯಾಗಿದ್ದರೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಷ್ಟರಲ್ಲಿ ಸುದ್ದಿ ತಿಳಿದು ಹೆಂಡತಿ, ಮಕ್ಕಳು ಬರುತ್ತಾರೆ. ಹೆಂಡತಿ ಗಂಡನ ಕೈ ಹಿಡಿಯಲು ಹೋದರೆ, ಮುಟ್ಟಬೇಡ ಎಂದು ಆತ ಹಿಂದೆ ಸರಿಯುತ್ತಾನೆ. ಊರು ಇಷ್ಟು ದಿನ ತನಗೆ ಹೇಳುತ್ತಿದ್ದ ಮಾತನ್ನೇ ಆಕೆಗೆ ತಿರುಗಿಸುತ್ತಾನೆ. ಮನೆಗೆ ಹೋಗೆಂದರೆ ಒಲ್ಲೆ ಎನ್ನುತ್ತಾನೆ. ಕೊನೆಗೆ ಯತಿಗಳು ಆತನ ತಲೆಯ ಮೇಲೆ ನೀರು ಹೊಯ್ಯಿಸುತ್ತಾರೆ. ವಿಭೂತಿ ತೊಳೆದುಹೋಗುತ್ತದೆ, ಅದರ ಜತೆಗೆ ಜ್ಞಾನವೂ. ತಾನು ಇಲ್ಲಿಗೆ ಹೇಗೆ ಬಂದೆನೆಂದು ಬೆರಗಾಗಿ ಆತ ಹೆಂಡತಿ ಮಕ್ಕಳೊಂದಿಗೆ ಮನೆಗೆ ಹೋಗುತ್ತಾನೆ.

‘ಗುರುಚರಿತ್ರೆ’ಯ ಈ ಕಥೆಯನ್ನು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭಕ್ತರು ಇಂದಿಗೂ ಪಾರಾಯಣ ಮಾಡುತ್ತಾರೆ. ಅವರಿಗೆ ಅದು ಗುರುವಿನ ಮಹಿಮೆ. ಕಾದಂಬರಿ ಓದಿ ಪಳಗಿದ ಕಣ್ಣಿಗೆ ಬೇರೆ ಪ್ರಶ್ನೆಗಳು ಕಾಣಿಸುತ್ತವೆ. ವೇದ ಹೇಳಿದವನೂ ಹೆಂಡತಿಯ ಜತೆ ನಡೆದುಹೋದವನೂ ಒಬ್ಬನೇ? ನೆನಪು ಹೋದ ಮೇಲೆ ಆ ಜ್ಞಾನ ಯಾರದು? ಗಂಡನನ್ನು ಗುರುತು ಹಿಡಿದ ಹೆಂಡತಿಗೆ ಗೊತ್ತಿದ್ದದ್ದು ಸುಳ್ಳೇ?

ಇಂಗ್ಲೆಂಡಿನ ಜಾನ್ ಲಾಕ್ ಇದೇ ಗಂಟನ್ನು ಬಿಡಿಸಲು ಕೂತದ್ದು 1694ರಲ್ಲಿ, ಮಾನವನ ಅರಿವಿನ ಬಗ್ಗೆ ಬರೆದ ತನ್ನ ಗ್ರಂಥದ ಎರಡನೇ ಆವೃತ್ತಿಗೆ ಹೊಸ ಅಧ್ಯಾಯ ಸೇರಿಸುವಾಗ. ರಾಜಕುಮಾರನ ನೆನಪೆಲ್ಲ ಒಬ್ಬ ಚಮ್ಮಾರನ ದೇಹಕ್ಕೆ ಹೊಕ್ಕರೆ ಅವನು ಯಾರು? ನಮ್ಮವರು ಪರಕಾಯ ಪ್ರವೇಶ ಎನ್ನುವುದನ್ನು ಲಾಕ್ ತರ್ಕದ ಪ್ರಶ್ನೆ ಮಾಡಿದ. ನೆನಪು ಎಲ್ಲಿದೆಯೋ ವ್ಯಕ್ತಿ ಅಲ್ಲಿದ್ದಾನೆ, ಹಾಗಾಗಿ ಅವನು ರಾಜಕುಮಾರನೇ ಎಂಬುದು ಲಾಕ್‌ನ ತೀರ್ಪು. ಸುತ್ತಲಿನವರ ಕಣ್ಣಿಗೆ ಮಾತ್ರ ಅದೇ ಚಮ್ಮಾರ. ಗಾಣಗಾಪುರದ ಕಥೆ ಲಾಕ್‌ಗಿಂತ ಹೆಚ್ಚುಕಡಿಮೆ ಎರಡು ಶತಮಾನ ಹಿರಿಯದು. ಲಾಕ್ ಒಂದು ವಾಕ್ಯದಲ್ಲಿ ಮುಗಿಸುವ ‘ಸುತ್ತಲಿನವರನ್ನು’ ಅದು ಹೆಂಡತಿ ಮಕ್ಕಳ ರೂಪದಲ್ಲಿ ಕಣ್ಣೆದುರು ತಂದು ನಿಲ್ಲಿಸುತ್ತದೆ. ತತ್ವಶಾಸ್ತ್ರದ ಉದಾಹರಣೆ ಕಥೆಯಾಗುವುದು ಆ ಕ್ಷಣದಲ್ಲಿ.

ಕಥೆ ಯಾರ ಪರ ಎಂಬುದನ್ನೂ ಮರೆಯುವಂತಿಲ್ಲ. ಊರ ಹೊರಗಿನವನ ಬಾಯಲ್ಲಿ ವೇದ ಬರಬೇಕಾದರೆ ಆತ ಹಿಂದೊಮ್ಮೆ ಬ್ರಾಹ್ಮಣನಾಗಿರಲೇಬೇಕು ಎಂಬುದು ಅದರ ಒಳಗಿನ ಕರಾರು. ಕೊಟ್ಟದ್ದನ್ನು ಸಂಜೆಯೊಳಗೆ ವಾಪಸು ಪಡೆಯಲಾಗುತ್ತದೆ. ಆತನ ಈ ಜನ್ಮದ ಅನುಭವಕ್ಕೆ ಜ್ಞಾನದ ಲೆಕ್ಕದಲ್ಲಿ ಬೆಲೆಯಿಲ್ಲ.

ಈ ಪುಸ್ತಕ ಹುಟ್ಟಿದ ಬಗೆಯೂ ಕುತೂಹಲದ್ದು. ಬರೆದ ಸರಸ್ವತಿ ಗಂಗಾಧರ ಆಳಂದ ತಾಲ್ಲೂಕಿನ ಕಡಗಂಚಿಯವನೆಂದು ಪ್ರತೀತಿ. ಮನೆಮಾತು ಕನ್ನಡ, ಬರೆದದ್ದು ಮರಾಠಿಯ ಓವಿ ಛಂದಸ್ಸಿನಲ್ಲಿ. ತನಗೆ ಮರಾಠಿ ಸರಿಯಾಗಿ ಬಾರದೆಂದು ಗ್ರಂಥದಲ್ಲೇ ವಿನಯದಿಂದ ಹೇಳಿಕೊಳ್ಳುತ್ತಾನೆ. ಶಿಷ್ಯ ನಾಮಧಾರಕ ಕೇಳುತ್ತಾನೆ, ಸಿದ್ಧ ಮುನಿ ಹೇಳುತ್ತಾನೆ. ಗ್ರಂಥ ಪೂರ್ತಿ ಇಬ್ಬರ ಸಂವಾದ. ಭಾಷೆಗಳ ಈ ಕೂಡುಬಾಳು ಸೀಮೆಯ ಹಳೆಯ ರೂಢಿ: 1948ರವರೆಗೆ ನಿಜಾಮನ ಆಡಳಿತದಲ್ಲಿ ಕಚೇರಿಯ ದಫ್ತರ ಉರ್ದುವಿನಲ್ಲಿ, ಗಾಣಗಾಪುರದ ಪಾರಾಯಣ ಮರಾಠಿಯಲ್ಲಿ, ಹೊಲಮನೆಯ ಮಾತು ಕನ್ನಡದಲ್ಲಿ. ಒಬ್ಬನೇ ಮನುಷ್ಯ ದಿನಕ್ಕೆ ಮೂರು ಬಾರಿ ಮೂರು ಥರದವನಾಗುವುದು ಇಲ್ಲಿ ಯಾರಿಗೂ ಸೋಜಿಗವಾಗಿರಲಿಲ್ಲ.

ರುಂಡ ಯಾರದು, ಮುಂಡ ಯಾರದು

ಆಳಂದದ ಹೆಸರು ಸೇರಿಕೊಂಡಿರುವ ಇನ್ನೊಂದು ಕಥೆ ಕಲ್ಲಿನ ಮೇಲಿದೆ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇಗುಲದ ಶಾಸನ ಸುಮಾರು 1200ರ ಹೊತ್ತಿನದು. ಅದರ ನಾಯಕ ಏಕಾಂತದ ರಾಮಯ್ಯ, ಆಳಂದೆಯ ಪುರುಷೋತ್ತಮ ಭಟ್ಟನ ಮಗ. ಜೈನರೊಂದಿಗಿನ ವಾದದಲ್ಲಿ ಪಣ ತೊಟ್ಟು ಆತ ತನ್ನ ತಲೆಯನ್ನು ತಾನೇ ಅರಿದು ಶಿವನಿಗೆ ಒಪ್ಪಿಸಿದನೆಂದೂ, ಏಳು ದಿನದ ಮೇಲೆ ತಲೆ ಮತ್ತೆ ಕೂಡಿತೆಂದೂ, ದೊರೆ ಬಿಜ್ಜಳ ಜಯಪತ್ರ ಕೊಟ್ಟನೆಂದೂ ಶಾಸನ ಹೇಳುತ್ತದೆ. ಕವಿ ಹರಿಹರ ಇದನ್ನೇ ರಗಳೆಯಾಗಿ ಹಾಡಿದ. ಆ ಕಾಲದ ಮತಗಳ ಕಿತ್ತಾಟಕ್ಕೆ ಈ ಶಾಸನ ಒಂದು ಸಾಕ್ಷಿ.

ಶಾಸನ ಬರೆದವನಿಗೆ ಒಂದು ಸಂಶಯ ಮಾತ್ರ ಬರಲೇ ಇಲ್ಲ. ಏಳು ದಿನ ತಲೆಯಿಲ್ಲದೆ ಬಿದ್ದಿದ್ದು ಎದ್ದು ಬಂದವನು ಹಳೆಯ ರಾಮಯ್ಯನೇ ಹೌದೇ? ತಲೆ ಅವನದೇ, ದೇಹ ಅವನದೇ, ನೋಡಿದ ಊರವರೂ ಅವರೇ, ಸಂಶಯಕ್ಕೆ ಜಾಗವೆಲ್ಲಿ?

ಆ ಜಾಗ ಮಾಡಿಕೊಟ್ಟದ್ದು 1971ರ ನಾಟಕ ‘ಹಯವದನ’. ಕಥಾಸರಿತ್ಸಾಗರದ ಹಳೆಯ ಕಥೆ ಜರ್ಮನ್ ಕಾದಂಬರಿಕಾರ ಥಾಮಸ್ ಮಾನ್ ಕೈಯಲ್ಲಿ 1940ರಲ್ಲಿ ಹೊಸ ರೂಪ ಪಡೆದು, ಅಲ್ಲಿಂದ ಗಿರೀಶ ಕಾರ್ನಾಡರ ಬಳಿಗೆ ಬಂತು. ಪದ್ಮಿನಿಯ ಗಂಡ ದೇವದತ್ತ, ಅವನ ಗೆಳೆಯ ಕಪಿಲ ಇಬ್ಬರೂ ಕಾಳಿಯ ಮುಂದೆ ತಲೆ ಕತ್ತರಿಸಿಕೊಂಡು ಬಿದ್ದಿದ್ದಾರೆ. ಜೋಡಿಸುವ ಆತುರದಲ್ಲಿ ಪದ್ಮಿನಿ ತಲೆಗಳನ್ನು ಅದಲುಬದಲು ಮಾಡುತ್ತಾಳೆ. ಈಗ ಗಂಡ ಯಾರು? ತಲೆಯೇ ಉತ್ತಮಾಂಗ, ದೇವದತ್ತನ ತಲೆ ಇರುವವನೇ ಗಂಡ ಎಂದು ಋಷಿ ತೀರ್ಪು ಕೊಡುತ್ತಾನೆ. ಲಾಕ್ ಆಗಿದ್ದರೂ ಒಪ್ಪುತ್ತಿದ್ದ. ಕಾರ್ನಾಡರು ಒಪ್ಪುವುದಿಲ್ಲ. ಕಾಡಿಗೆ ಹೋದ ಕಪಿಲನಿಗೆ ಅಂಟಿಕೊಂಡಿರುವ ದೇಹ ತನ್ನದೇ ನೆನಪುಗಳನ್ನು ಹೊತ್ತು ಕಾಡುತ್ತದೆ. ತಲೆಗೆ ಅರ್ಥವಾಗದ ಸ್ಪರ್ಶಗಳು ಕೈಗೆ ಗೊತ್ತು. ಅರಿವು ಬುದ್ಧಿಯ ಆಸ್ತಿ ಎಂದುಕೊಂಡಿದ್ದವರಿಗೆ ನಾಟಕ ಇಲ್ಲಿ ಸವಾಲು ಹಾಕುತ್ತದೆ. ಪದ್ಮಿನಿಯ ಅನುಭವವನ್ನು ಯಾವ ತೀರ್ಪೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂಬುದನ್ನೂ ಅದು ನೋಡುಗರಿಗೆ ಕಾಣಿಸುತ್ತದೆ.

ಒಂಟಿ ಮನುಷ್ಯನ ಕಾದಂಬರಿಗಳು

ಕನ್ನಡದ ನವ್ಯ ಕಾದಂಬರಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಾಗ ಪಂಡಿತರ ಸಭೆಯೂ ಇರಲಿಲ್ಲ, ಊರಿನ ಗುಂಪೂ ಇರಲಿಲ್ಲ. ನಾಯಕ ಒಬ್ಬನೇ. ಸಾರ್ತ್ರ, ಕಮೂ, ಕಾಫ್ಕಾರನ್ನು ಓದಿದ ತಲೆಮಾರು ಅದು. ಯು.ಆರ್. ಅನಂತಮೂರ್ತಿ ‘ಸಂಸ್ಕಾರ’ವನ್ನು ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಗೆ ಹೋಗಿದ್ದಾಗ, ಇಂಗ್ಮಾರ್ ಬರ್ಗ್‌ಮನ್‌ನ ಚಿತ್ರವೊಂದನ್ನು ಉಪಶೀರ್ಷಿಕೆಯಿಲ್ಲದೆ ನೋಡಿ ಬಂದ ಮೇಲೆ. ಕಾದಂಬರಿ 1965ರಲ್ಲಿ ಬಂತು.

ಅದರ ಪ್ರಾಣೇಶಾಚಾರ್ಯ ಶಾಸ್ತ್ರ ಬಲ್ಲವ. ಬ್ರಾಹ್ಮಣ್ಯ ಧಿಕ್ಕರಿಸಿ ಬದುಕಿ ಸತ್ತ ನಾರಣಪ್ಪನ ಸಂಸ್ಕಾರ ಯಾರು ಮಾಡಬೇಕೆಂಬ ಪ್ರಶ್ನೆಗೆ ಆತ ಓಲೆಗರಿಗಳಲ್ಲಿ ಉತ್ತರ ಹುಡುಕುತ್ತಾನೆ, ಸಿಗುವುದಿಲ್ಲ. ಮಾರುತಿಯ ಗುಡಿಯಲ್ಲಿ ಕಾಯುತ್ತಾನೆ, ಪ್ರಸಾದ ಬೀಳುವುದಿಲ್ಲ. ನಾರಣಪ್ಪನ ಜತೆಗಿದ್ದ ಚಂದ್ರಿಯೊಂದಿಗಿನ ಒಂದು ರಾತ್ರಿ ಆತ ತನ್ನ ಬಗ್ಗೆ ತಿಳಿದುಕೊಂಡಿದ್ದನ್ನೆಲ್ಲ ಅಲ್ಲಾಡಿಸಿಬಿಡುತ್ತದೆ. ಅಗ್ರಹಾರ ಬಿಟ್ಟು ನಡೆಯುತ್ತಾನೆ. ತಾನು ಯಾರೆಂಬ ಶೋಧ ಒಳಗೇ ನಡೆಯಬೇಕು ಎಂಬ ಹಟದಲ್ಲಿ ಹೊರಟವನಿಗೆ ಮೇಳಿಗೆಯ ಜಾತ್ರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಯಾವುದರದು? ಯಾರಾದರೂ ಗುರುತು ಹಿಡಿದುಬಿಟ್ಟರೆ ಎಂಬುದರದು. ಜತೆಗೆ ಅಂಟಿಕೊಂಡ ಪುಟ್ಟನ ಬಾಯಿಬಡುಕತನ ಬೇರೆ ಆತನನ್ನು ಒಂಟಿಯಾಗಿರಲು ಬಿಡುವುದಿಲ್ಲ. ನವ್ಯದ ಒಂಟಿ ನಾಯಕನ ಎದೆಬಡಿತವನ್ನು ಏರಿಸುವುದು ಕೊನೆಗೂ ಇನ್ನೊಬ್ಬನ ಕಣ್ಣು.

ಯಶವಂತ ಚಿತ್ತಾಲರ ‘ಶಿಕಾರಿ’ (1979) ಈ ಹೆದರಿಕೆಯನ್ನು ಮುಂಬೈಯ ಕಂಪನಿ ಕಚೇರಿಗೆ ತಂದಿತು. ಚಿತ್ತಾಲರು ಸ್ವತಃ ರಾಸಾಯನಿಕ ಉದ್ಯಮದಲ್ಲಿ ದುಡಿದವರು, ಪಾಲಿಮರ್ ವಿಜ್ಞಾನ ಬಲ್ಲವರು. ಅವರ ನಾಗಪ್ಪನನ್ನು ಕಂಪನಿ ಕೆಲಸದಿಂದ ದೂರ ಇಡುತ್ತದೆ. ಆರೋಪ ಏನೆಂದು ಹೇಳುವುದಿಲ್ಲ. ಈಗ ನಾಗಪ್ಪ ತನ್ನ ಇಡೀ ಬದುಕನ್ನು ತಾನೇ ವಿಚಾರಣೆಗೆ ಒಡ್ಡಿಕೊಳ್ಳಬೇಕು. ತಾನು ಎಲ್ಲಿ ತಪ್ಪಿದೆ, ಯಾರನ್ನು ನೋಯಿಸಿದೆ, ಯಾರಿಗೆ ತನ್ನ ಮೇಲೆ ದ್ವೇಷ? ಬಾಲ್ಯದ ನೆನಪುಗಳೂ ಸಾಕ್ಷಿಕಟ್ಟೆ ಏರುತ್ತವೆ. ಅವನ ಬಗ್ಗೆ ಅವನಿಗೇ ಗೊತ್ತಿಲ್ಲದ್ದು ಯಾವುದೋ ಫೈಲಿನಲ್ಲಿ ಇದೆಯೇನೋ ಎಂಬ ಅಂಜಿಕೆ ಕಾದಂಬರಿಯ ಕೊನೆಯವರೆಗೂ ಬೆನ್ನು ಬಿಡುವುದಿಲ್ಲ.

ತತ್ವಶಾಸ್ತ್ರವನ್ನು ಓದಿ, ಸತ್ಯ ಮತ್ತು ಸೌಂದರ್ಯದ ಸಂಬಂಧದ ಬಗ್ಗೆ ಪ್ರೌಢಪ್ರಬಂಧ ಬರೆದ ಎಸ್.ಎಲ್. ಭೈರಪ್ಪ ‘ಸಾಕ್ಷಿ’ಯಲ್ಲಿ (1986) ನೇರವಾಗಿ ಯಮನ ಮುಂದೆಯೇ ವಿಚಾರಣೆ ಇಟ್ಟರು. ಸತ್ಯವಂತನೆಂದು ಹೆಸರಾದ ಪರಮೇಶ್ವರಯ್ಯ ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳಿ, ಪ್ರಾಣ ಬಿಟ್ಟಿದ್ದಾನೆ. ವ್ಯಕ್ತಿ ಎಂಬ ಮಾತೇ ನ್ಯಾಯಾಲಯದ್ದು, ಮಾಡಿದ್ದಕ್ಕೆ ಹೊಣೆ ಹೊರಿಸಲು ಬೇಕಾದ ಮಾತು ಎಂದು ಲಾಕ್ ಹೇಳಿದ್ದ. ಸುಳ್ಳಿನ ಬೇರು ಎಲ್ಲಿದೆ ಎಂದು ಕೆದಕುತ್ತ ಭೈರಪ್ಪನವರ ಕಾದಂಬರಿ ಆ ಹೊಣೆಯನ್ನು ಸಾವಿನಾಚೆಗೂ ಎಳೆದೊಯ್ಯುತ್ತದೆ.

ಹತ್ತು ಮಂದಿಯ ನಡುವೆ ಕೇಳುವ ಪ್ರಶ್ನೆ

ಜೇವರ್ಗಿಯ ಕಡೆ ಈ ವಿಚಾರಣೆಗೆ ಬೇರೆಯದೇ ರಿವಾಜು ಇತ್ತು. 17ನೇ ಶತಮಾನದಲ್ಲಿ ಅಲ್ಲಿ ಬದುಕಿದ್ದ ಷಣ್ಮುಖ ಶಿವಯೋಗಿಗಳು ಅಖಂಡೇಶ್ವರ ಎಂಬ ಅಂಕಿತದಲ್ಲಿ ಏಳುನೂರಕ್ಕೂ ಹೆಚ್ಚು ವಚನ ಬರೆದರು. ಬಸವಣ್ಣನ ಕಾಲ ಕಳೆದು ಐನೂರು ವರ್ಷವಾದರೂ ವಚನದ ಒರತೆ ಬತ್ತಿರಲಿಲ್ಲ. ಅವರ ನಂತರ, 18ರ ಕೊನೆ ಮತ್ತು 19ನೇ ಶತಮಾನದಲ್ಲಿ, ಅದು ತತ್ವಪದವೆಂಬ ಹಾಡಾಗಿ ಹರಿದದ್ದು ಕಡಕೋಳದ ಮಡಿವಾಳಪ್ಪನವರಲ್ಲಿ.

ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ವಿಧವೆಯೊಬ್ಬಳ ಮಗನಾಗಿ ಹುಟ್ಟಿದವರು, ಆ ಹುಟ್ಟಿನ ಕಾರಣಕ್ಕೆ ಮಠಸ್ಥರಿಂದ ದೂರ ತಳ್ಳಿಸಿಕೊಂಡವರು ಎಂದು ಪರಂಪರೆ ಅವರ ಬಗ್ಗೆ ಹೇಳುತ್ತದೆ. ಅವರು ನೆಲೆ ನಿಂತ ಕಡಕೋಳ ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿತ್ತು, ಈಗ ಯಡ್ರಾಮಿಗೆ ಸೇರಿದೆ. ಚನ್ನೂರಿನ ಜಲಾಲ ಸಾಹೇಬ, ಖೈನೂರಿನ ಕೃಷ್ಣಪ್ಪ, ತೆಲಗಬಾಳದ ರೇವಪ್ಪ ಮೊದಲಾದವರು ಅವರ ಶಿಷ್ಯರು. ಹೆಸರುಗಳೇ ಹೇಳುವಂತೆ ಅಲ್ಲಿ ಮತದ ಗಡಿ ಕಾವಲಿಗೆ ಯಾರೂ ನಿಂತಿರಲಿಲ್ಲ. ಅದೇ ಕಾಲದ ಶಿಶುನಾಳ ಷರೀಫರ ಹೆಸರು ಕ್ಯಾಸೆಟ್ಟುಗಳ ಮೂಲಕ ನಾಡೆಲ್ಲ ಹಬ್ಬಿತು. ಕಡಕೋಳದ ಪರಂಪರೆ ಹೆಚ್ಚಾಗಿ ಸೀಮೆಯ ಭಜನೆಗಳಲ್ಲೇ ಉಳಿಯಿತು. ಇತ್ತೀಚೆಗೆ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ ಕನ್ನಡದ ತತ್ವಪದಗಳನ್ನು ಕಲೆಹಾಕಿ ಸಂಪುಟಗಳಾಗಿ ಹೊರತಂದ ಮೇಲೆ ಓದುವವರ ಕೈಗೂ ಎಟುಕುತ್ತಿದೆ.

ತತ್ವಪದಗಳ ವಸ್ತು ಒಂದೇ ಮಾತಿನಲ್ಲಿ: ನಿನ್ನನ್ನು ನೀನು ತಿಳಿ. ಸಾಕ್ರೆಟಿಸ್‌ನಿಂದ ರಮಣ ಮಹರ್ಷಿಯವರೆಗೆ ಅನೇಕರು ಹೇಳಿದ್ದೇ. ಆದರೆ ಇದನ್ನು ಹೇಳುವ ಏರ್ಪಾಡನ್ನು ಗಮನಿಸಬೇಕು. ಅಮಾವಾಸ್ಯೆಯ ರಾತ್ರಿ ಗುಡಿಯಲ್ಲೋ ಮಠದಲ್ಲೋ ಏಕತಾರಿ, ದಮ್ಮಡಿ, ತಾಳ ಹಿಡಿದು ಜನ ಕೂಡುತ್ತಾರೆ. ಒಬ್ಬ ಎತ್ತಿಕೊಂಡ ಪದವನ್ನು ಉಳಿದವರು ಹಿಂದೆ ಹಾಡುತ್ತಾರೆ. ಬೆಡಗಿನ ಮಾತಿನಲ್ಲಿ ದೇಹ ಮನೆಯಾಗುತ್ತದೆ, ಹೊಲವಾಗುತ್ತದೆ, ಬೀಸುವ ಕಲ್ಲಾಗುತ್ತದೆ. ಅರ್ಥ ಬಿಡಿಸುವುದಕ್ಕೆ ಹಿರಿಯರಿದ್ದಾರೆ, ಅವರನ್ನು ಒಪ್ಪದವರೂ ಇದ್ದಾರೆ. ‘ನಾನು’ ಎಂಬುದನ್ನು ಕಳಚುವ ಹಾಡನ್ನು ಹತ್ತು ಮಂದಿ ಒಂದೇ ದನಿಯಲ್ಲಿ ಹಾಡುತ್ತಾರೆ. ಹಗಲು ಒಬ್ಬರ ಮನೆಯ ನೀರು ಇನ್ನೊಬ್ಬರು ಕುಡಿಯದಿರುವ ಊರಿನಲ್ಲಿ ರಾತ್ರಿ ಹೀಗೆ ಸೇರಿ ಕೂರುವುದೇ ಆ ಪ್ರಶ್ನೆಯ ಅರ್ಧಭಾಗ.

ಮಡಿವಾಳಪ್ಪನವರ ವಿಚಾರಣೆ ಹಿಂದಿನ ಜನ್ಮಕ್ಕೆ ಹೋಗಿ ಯೋಗ್ಯತಾಪತ್ರ ತರುವುದಿಲ್ಲ. ಮಡಿ, ಜಾತಿ, ಕಾವಿಯ ಸೋಗು ಎಲ್ಲವನ್ನೂ ಅವರು ಗೇಲಿ ಮಾಡುವುದು ಈ ದೇಹ, ಈ ಹುಟ್ಟು, ಈ ಹಸಿವಿನ ನೆಲೆಯಿಂದ.

ಎಲ್ಲ ಗೊತ್ತಿದೆ ಎನ್ನುವ ನಿರೂಪಕ

ಈಚಿನ ಕನ್ನಡ ಕಾದಂಬರಿ ನವ್ಯದ ಒಂಟಿ ಕೋಣೆಯನ್ನು ಬಿಟ್ಟು ಬಂದ ದಾರಿಗಳಲ್ಲಿ ಒಂದು ವಿವೇಕ ಶಾನಭಾಗರದು. ‘ಘಾಚರ್ ಘೋಚರ್’ (2013) ಕಥೆಯ ಹೆಸರಿಲ್ಲದ ನಿರೂಪಕ ಕಾಫಿ ಹೌಸಿನಲ್ಲಿ ಕೂತು ತನ್ನ ಕುಟುಂಬದ ಬಗ್ಗೆ ಹೇಳುತ್ತ ಹೋಗುತ್ತಾನೆ. ಮಸಾಲೆ ವ್ಯಾಪಾರದ ಹಣ ಬಂದ ಮೇಲೆ ಮನೆ ಬದಲಾಯಿತು, ಮನುಷ್ಯರೂ ಬದಲಾದರು. ಅವನು ಬಾಯಿಬಿಟ್ಟು ಹೇಳದಿರುವುದನ್ನು ಓದುಗ ಮೊದಲೇ ಊಹಿಸಿ ಬೆವರುತ್ತಾನೆ. ‘ಸಕೀನಾಳ ಮುತ್ತು’ (2021) ಇನ್ನೂ ಮುಂದೆ ಹೋಗುತ್ತದೆ. ಬೆಂಗಳೂರಿನ ಮಧ್ಯವಯಸ್ಕ ವೆಂಕಟರಮಣ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಓದುಗ. ತಾನು ವಿವೇಕಿ, ಉದಾರಿ, ಒಳ್ಳೆಯ ಗಂಡ ಎಂಬ ವಿಶ್ವಾಸ ಅವನಿಗಿದೆ. ಮಗಳು ರೇಖಾಳನ್ನು ಹುಡುಕಿಕೊಂಡು ಇಬ್ಬರು ಹುಡುಗರು ಬಾಗಿಲಿಗೆ ಬರುವಲ್ಲಿಂದ ಆ ವಿಶ್ವಾಸದ ಕೀಲುಗಳು ಸಡಿಲವಾಗತೊಡಗುತ್ತವೆ.

ನಮ್ಮ ತಾರ್ಕಿಕರು ಅರಿವಿನ ದಾರಿಗಳನ್ನು ಪ್ರತ್ಯಕ್ಷ, ಅನುಮಾನ, ಶಬ್ದ (ಬಲ್ಲವರ ಮಾತು) ಮೊದಲಾಗಿ ವಿಂಗಡಿಸಿದ್ದರು. ವೆಂಕಟರಮಣನ ಪಾಲಿಗೆ ಮಗಳ ಬದುಕು ಪ್ರತ್ಯಕ್ಷವಲ್ಲ. ಅವಳು ಹೇಳುವುದಿಲ್ಲ, ಹೇಳಿದರೂ ಅವನು ನಂಬಲಾರ. ಉಳಿದದ್ದು ಅನುಮಾನ ಮಾತ್ರ, ಅದೂ ಅವನದೇ ಭಯಗಳ ಹೊಗೆ ನೋಡಿ ಬೆಂಕಿಯಿದೆಯೆಂದು ತೀರ್ಮಾನಿಸುವ ಅನುಮಾನ. ಹೆಂಡತಿ ವಿಜಿ ಆಡುವ ಒಂದೆರಡು ಮಾತಿಗೆ ಓದುಗ ಅವನನ್ನು ಬೇರೆ ಬೆಳಕಿನಲ್ಲಿ ಕಾಣುತ್ತಾನೆ. ಅವನು ಯಾರೆಂದು ಮನೆಯ ಇಬ್ಬರು ಹೆಂಗಸರಿಗೆ ಗೊತ್ತಿದೆ. ಕಥೆ ಹೇಳುವ ಅಧಿಕಾರ ಮಾತ್ರ ಅವನ ಕೈಯಲ್ಲಿದೆ. ಆ ಅಧಿಕಾರದ ಪೊಳ್ಳನ್ನು ಅವನ ಬಾಯಿಂದಲೇ ಹೇಳಿಸುವುದು ಕಾದಂಬರಿಯ ಕಸುಬುಗಾರಿಕೆ.

ಇನ್ನೊಂದು ದಾರಿ ಕಥೆ ಹೇಳುವ ಅಧಿಕಾರವನ್ನೇ ಹಂಚಿಬಿಡುವುದು. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಅದನ್ನು ಎಂದೋ ಮಾಡಿತ್ತು. ಅಲ್ಲಿ ದೀಪಗಳ ಜೋತಮ್ಮಗಳು ರಾತ್ರಿ ಒಂದೆಡೆ ಕೂಡಿ ತಮ್ಮ ತಮ್ಮ ಮನೆಗಳಲ್ಲಿ ಕಂಡದ್ದನ್ನು ಮಾತಾಡಿಕೊಳ್ಳುತ್ತವೆ. ಊರಿನ ಸತ್ಯ ಯಾವ ಒಬ್ಬನ ತಲೆಯಲ್ಲೂ ಪೂರ್ತಿಯಾಗಿ ಇಲ್ಲ. ರಾಘವೇಂದ್ರ ಪಾಟೀಲರ ‘ತೇರು’ (2003) ಒಂದು ಬಲಿಯ ನೆನಪನ್ನು ತಲೆಮಾರುಗಳ ಬೇರೆಬೇರೆ ಹೇಳಿಕೆಗಳಲ್ಲಿ ಪರೀಕ್ಷಿಸುತ್ತದೆ. ಎರಡಕ್ಕೂ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಕಲಬುರಗಿ ಸೀಮೆಯಿಂದ ಈ ಸಾಲಿಗೆ ಸೇರುವ ದೊಡ್ಡ ಕಾದಂಬರಿ ಗೀತಾ ನಾಗಭೂಷಣ ಅವರ ‘ಬದುಕು’. ಕಲಬುರಗಿ ಬಳಿಯ ಸಾವಳಗಿಯಲ್ಲಿ 1942ರಲ್ಲಿ ಹುಟ್ಟಿದ, ಗಿರಣಿ ಕಾರ್ಮಿಕನ ಮಗಳಾದ ಗೀತಾ ಕೆಳಜಾತಿಗಳ ಕೇರಿಗಳನ್ನು ಒಳಗಿನಿಂದ ಬಲ್ಲವರು. ‘ಬದುಕು’ ಕಾದಂಬರಿಗೆ 2004ರ ಅಕಾಡೆಮಿ ಪ್ರಶಸ್ತಿ ಸಂದಿತು, 2010ರಲ್ಲಿ ಗದಗದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು, 2020ರಲ್ಲಿ ತೀರಿಕೊಂಡರು. ತತ್ವಜಿಜ್ಞಾಸೆಯ ಕಾದಂಬರಿಗಳ ಪಟ್ಟಿ ಮಾಡುವವರು ‘ಸಂಸ್ಕಾರ’, ‘ಶಿಕಾರಿ’ಗಳ ಪಕ್ಕ ಇದನ್ನು ಇಡುವುದು ಅಪರೂಪ. ಕೂಲಿ, ಕುಡಿತ, ದೇವರ ಹೆಸರಿನಲ್ಲಿ ಬಿಟ್ಟ ಹುಡುಗಿಯರು, ಗೌಡರ ದರ್ಬಾರು ಇವೆಲ್ಲ ತುಂಬಿದ ಪುಸ್ತಕವನ್ನು ಸಾಮಾಜಿಕ ಕಾದಂಬರಿ ಎಂಬ ಗೂಟಕ್ಕೆ ಕಟ್ಟುವುದು ಸುಲಭ.

ಅದರ ಹೆಂಗಸರಿಗೆ ತಾವು ಯಾರೆಂದು ಯೋಚಿಸಲು ಬಿಡುವಿಲ್ಲ ಎಂಬುದು ಮೇಲುನೋಟದ ಮಾತು. ಹಾಗೆ ನೋಡಿದರೆ ಆ ಪ್ರಶ್ನೆಗೆ ಉತ್ತರ ಅವರಿಗೆ ದಿನಾ ಹೊರಗಿನಿಂದ ಬರುತ್ತದೆ: ಜಾತಿ ಹಿಡಿದು ಕರೆಯುವ ದನಿಯಲ್ಲಿ, ಬೈಗುಳದಲ್ಲಿ, ಹೊಡೆತದಲ್ಲಿ. ಕಲಬುರಗಿಯ ಬಿರುಸು ಆಡುಮಾತಿನಲ್ಲಿ ಅವರು ಅದಕ್ಕೆ ತಿರುಗಿ ಮಾತು ಕೊಡುತ್ತಾರೆ, ಕೆಲವೊಮ್ಮೆ ಶಪಿಸುತ್ತಾರೆ, ಒಬ್ಬಳಿಗಾಗಿ ಇನ್ನೊಬ್ಬಳು ಅಳುತ್ತಾಳೆ. ಪ್ರಾಣೇಶಾಚಾರ್ಯ ನಡುರಾತ್ರಿ ತನ್ನೊಳಗೇ ಆಡಿಕೊಳ್ಳುವಂಥದನ್ನು ಇವರು ಓಣಿಯಲ್ಲಿ, ನಾಲ್ಕು ಜನ ಕೇಳುವಂತೆ ಆಡುತ್ತಾರೆ. ಕೇಳಿಸಿಕೊಂಡ ನೆರೆಯವಳು ಹೌದೆನ್ನುತ್ತಾಳೆ, ಇಲ್ಲವೇ ನಿನ್ನದೂ ತಪ್ಪಿದೆ ಎಂದು ಅಲ್ಲೇ ತಿದ್ದುತ್ತಾಳೆ.